ಕಾರಣ ಕೇಳುವ ಹಾಗಿಲ್ಲ

ನಡಿಗೆ ಮೇಷ್ಟ್ರು ಹತ್ತು ನಿಮಿಷದಲ್ಲಿ ಮೂರನೇ ಸಲ ಕೈ ತೊಳೆಯಲು ಬಂದಾಗ ಅವಳು ತಲೆ ಎತ್ತಲಿಲ್ಲ. ಎತ್ತುವ ಹಾಗಿರಲಿಲ್ಲ.

ವಾರ್ಡಿನ ವಾಶ್‌ಬೇಸಿನ್ನಿನಿಂದ ನಾಲ್ಕು ಹೆಜ್ಜೆ ದೂರಕ್ಕೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಅವಳು, ಅವಳ ಮಡಿಲಲ್ಲಿ ಕ್ಲಿಪ್ಪು ಹಾಕಿದ ಹಾಳೆ. ರೋಗಿಯನ್ನು ಮುಟ್ಟುವ ಮೊದಲು ಯಾರು ಕೈ ತೊಳೆದರು, ಮುಟ್ಟಿದ ಮೇಲೆ ಯಾರು ತೊಳೆದರು ಎಂದು ನೋಡಿ ಬರೆಯುವುದು ಅವಳ ಕೆಲಸ. ತೊಳೆದರೆ ಟಿಕ್ಕು, ಮರೆತರೆ ಸೊನ್ನೆ. ನರ್ಸಿಂಗ್ ಪದವಿಯ ಕೊನೆಯ ವರ್ಷ, ಆನರ್ಸ್ ಬೇಕೆಂದರೆ ಪ್ರಬಂಧ ಬರೆಯಲೇಬೇಕು. ಅವಳು ಆರಿಸಿಕೊಂಡ ವಿಷಯ ಇದು: ವಾರ್ಡಿನವರು ಕೈ ತೊಳೆಯುತ್ತಾರೆಯೇ, ತೊಳೆಯದಿದ್ದರೆ ಯಾಕೆ? ಎರಡೇ ವಾರದಲ್ಲಿ ಇಡೀ ವಾರ್ಡು ಅವಳಿಗೆ ಟಿಕ್ ಸಿಸ್ಟರ್ ಎಂದು ಹೆಸರಿಟ್ಟಿತ್ತು.

ನೋಡುವ ಹೊತ್ತಿನಲ್ಲಿ ನೋಡುವವಳೂ ನೋಡಿಸಿಕೊಳ್ಳುವವರೂ ಮಾತಾಡಬಾರದು ಎಂಬುದು ನಿಯಮ. ಒಪ್ಪಿಗೆ ಪತ್ರದಲ್ಲಿ ಅವಳೇ ಬರೆದ ಸಾಲು. ಆ ಸಾಲಿಗೆ ನಡಿಗೆ ಮೇಷ್ಟ್ರು ಒಂದು ಉಪಾಯ ಕಂಡುಕೊಂಡಿದ್ದ. ಅವನು ನಲ್ಲಿಯ ಜೊತೆ ಮಾತಾಡುತ್ತಿದ್ದ.

"ನೋಡಮ್ಮ ನಲ್ಲಿ," ಎಂದ, ನೊರೆಯನ್ನು ಬೆರಳ ಸಂದಿಗೆ ತಿಕ್ಕುತ್ತ. "ಕೆಲವ್ರು ಬೆಳಿಗ್ಗೆ ಏನೂ ತಿನ್ನದೆ ಬಂದು ಕೂತ್ಕೋತಾರೆ. ಅವ್ರ ಹೊಟ್ಟೆ ಗುರ್ ಅನ್ನೋದು ಏಳನೇ ಬೆಡ್ಡಿನವರೆಗೂ ಕೇಳಿಸ್ತಾ ಇದೆ."

ಹೊಟ್ಟೆ ನಿಜಕ್ಕೂ ಗುರ್ ಎಂದಿತ್ತು. ಅವಳು ಕಿವಿಯವರೆಗೂ ಕೆಂಪಾಗಿ, ಹಾಳೆಗೆ ತೂತು ಬೀಳುವಷ್ಟು ಒತ್ತಿ ಒಂದು ಟಿಕ್ಕು ಹಾಕಿದಳು.

"ಟಿಕ್ಕು ಬಿತ್ತಮ್ಮ," ಎಂದು ನಲ್ಲಿಗೆ ವರದಿ ಒಪ್ಪಿಸಿ ಅವನು ಮತ್ತೆ ಏಳನೇ ಬೆಡ್ಡಿಗೆ ಹೋದ. ಅಲ್ಲಿದ್ದ ಅಜ್ಜಿ, "ಎಷ್ಟು ಸಲ ಮುಟ್ಟಿ ನೋಡ್ತೀಯೋ ನನ್ನ ಮಂಡಿನ? ಅದೇನು ಓಡಿ ಹೋಗತ್ತಾ?" ಎಂದು ಗದರುವುದು ಕೇಳಿಸಿತು.

ಅವನು ಆ ವಾರ್ಡಿನ ಫಿಸಿಯೋಥೆರಪಿಸ್ಟ್. ಸೊಂಟ, ಕಾಲು ಮುರಿದುಕೊಂಡು ಬಂದವರನ್ನು ಮತ್ತೆ ಎಬ್ಬಿಸಿ ನಡೆಸುವವನು. ಅದಕ್ಕೇ ಆ ಹೆಸರು. ಎತ್ತರದ ಆಳು, ಆದರೆ ರೋಗಿಯ ಪಕ್ಕ ನಡೆಯುವಾಗ ಅವರಷ್ಟೇ ಚಿಕ್ಕ ಹೆಜ್ಜೆ ಇಡುತ್ತಿದ್ದ. ಅವಳು ಮೊದಲು ಗಮನಿಸಿದ್ದು ಅದನ್ನೇ. ಟಿಕ್ಕು ಹಾಕಲು ಕೈ ನೋಡಬೇಕಿದ್ದವಳು ಹೆಜ್ಜೆ ನೋಡುತ್ತ ಕೂತುಬಿಡುತ್ತಿದ್ದಳು. ಅವನು ಹಾದುಹೋಗುವಾಗ ಹುಬ್ಬು ಒಂದಿಷ್ಟೇ ಮೇಲೇರುತ್ತಿತ್ತು, ಅವಳ ಪೆನ್ನು ಒಂದಿಷ್ಟೇ ತಡವರಿಸುತ್ತಿತ್ತು. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ನಡೆದಿರಲಿಲ್ಲ ಎಂದು ಅವಳು ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು, ಯಾರೂ ಕೇಳಿರಲಿಲ್ಲ.

ಮೊದಲು ಪತ್ತೆ ಹಚ್ಚಿದವರು ಅವಳ ಪ್ರಬಂಧದ ಗೈಡ್ ಮೇಡಂ.

ಇಪ್ಪತ್ತೈದು ವರ್ಷ ವಾರ್ಡುಗಳಲ್ಲಿ ದುಡಿದು ಪಾಠ ಹೇಳಲು ಬಂದಿದ್ದ ಅವರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಅಧ್ಯಯನದಲ್ಲಿ ಹೆಸರುಗಳಿರಲಿಲ್ಲ, ನಂಬರುಗಳು ಮಾತ್ರ. ಯಾವ ನಂಬರು ಯಾರೆಂಬುದು ಅವಳಿಗೂ ಅವಳ ಒಬ್ಬ ಗೆಳತಿಗೂ ಮಾತ್ರ ಗೊತ್ತು. ಅವಳ ಕಣ್ಣು ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲು ಕೆಲವು ದಿನ ಅವಳ ಬದಲು ಆ ಗೆಳತಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಹದಿನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು.

"ಈ ಹದಿನಾಲ್ಕು ಯಾರು ಅಂತ ನಾನು ಕೇಳಲ್ಲ. ಆದ್ರೆ ನಿನ್ನ ಫ್ರೆಂಡ್ ಕೂತಾಗ ನೂರಕ್ಕೆ ಅರವತ್ತು ಸಲ ಕೈ ತೊಳೆಯೋ ಮನುಷ್ಯ, ನೀನು ಕೂತಾಗ ನೂರಕ್ಕೆ ನೂರು ಸಲ ತೊಳೀತಾನೆ. ಸೋಪು ಅದೇ, ನಲ್ಲಿ ಅದೇ. ಬದಲಾಗಿರೋದು ಸ್ಟೂಲ್ ಮೇಲೆ ಕೂತಿರೋರು ಮಾತ್ರ."

ಅವಳಿಗೆ ನಗು ಬಂತು, ಅಳುವೂ ಬಂತು. ಅಂದರೆ ಅವನು ಬರುತ್ತಿದ್ದುದು ಕೈ ತೊಳೆಯಲು ಅಲ್ಲ.

"ಹಲ್ಲು ಬಿಡಬೇಡ," ಎಂದರು ಮೇಡಂ, ತಮ್ಮ ನಗುವನ್ನು ಕನ್ನಡಕದ ಹಿಂದೆ ಬಚ್ಚಿಟ್ಟುಕೊಂಡು. "ಇದು ಹೀಗೇ ಇದ್ರೆ ಪರೀಕ್ಷಕರು ಇಡೀ ಪ್ರಬಂಧನೇ ಸುಳ್ಳು ಅಂತಾರೆ. ನಾಳೆ ವಾರ್ಡ್ ಮೀಟಿಂಗ್‌ನಲ್ಲಿ ಎಲ್ಲರಿಗೂ ಹೇಳು, ನೀನಿದೀಯಾ ಅಂತ ಯಾರೂ ನಡವಳಿಕೆ ಬದಲಾಯಿಸಬಾರದು ಅಂತ."

ಮರುದಿನ ಅವಳು ಹೇಳಿದಳು. ಯಾರ ಹೆಸರನ್ನೂ, ನಂಬರನ್ನೂ ಹೇಳಲಿಲ್ಲ. ಮಾತು ಬೇಕಿದ್ದಕ್ಕಿಂತ ಒರಟಾಗಿ ಬಂತು. "ನಾನು ಕೂತಿದೀನಿ ಅಂತ ಯಾರಾದ್ರೂ ಜಾಸ್ತಿ ಕೈ ತೊಳೀತಿದ್ರೆ ದಯವಿಟ್ಟು ನಿಲ್ಲಿಸಿ. ಅದ್ರಿಂದ ನನಗೆ ಉಪಕಾರ ಆಗಲ್ಲ, ನನ್ನ ಸ್ಟಡಿ ಹಾಳಾಗತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಗೋಡೆಗೊರಗಿ ನಿಂತಿದ್ದ ನಡಿಗೆ ಮೇಷ್ಟ್ರು ಎರಡೂ ಕೈಯನ್ನು ಜೇಬಿಗಿಳಿಸಿದ. ಇಡೀ ವಾರ್ಡು ಅವನ ಕಡೆ ತಿರುಗಿ ಕಿಸಕ್ಕೆಂದು ನಕ್ಕಿತು. ಅವನು ನಗಲಿಲ್ಲ. ಅವಳನ್ನೇ ಒಂದು ಕ್ಷಣ ನೋಡಿ, ಹೊರಟುಹೋದ.

ಅದರ ಮರುದಿನ ನರ್ಸ್‌ಗಳ ಮೇಜಿನ ಮೇಲಿದ್ದ ಡಬ್ಬಿಯಲ್ಲಿ ಮಡಿಸಿದ ಒಂದು ಕಾಗದ ಸಿಕ್ಕಿತು. ಅಧ್ಯಯನದಿಂದ ಹಿಂದೆ ಸರಿಯುವವರು ತುಂಬಬೇಕಾದ ಕಾಗದ. ನಂಬರು: ಹದಿನಾಲ್ಕು. ಕೆಳಗೆ ಅವಳೇ ಟೈಪ್ ಮಾಡಿದ್ದ ಎರಡು ಸಾಲು: 'ಹಿಂದೆ ಸರಿಯಲು ಕಾರಣ ಕೊಡಬೇಕಾಗಿಲ್ಲ. ಸಂಶೋಧಕಿಯೂ ಯಾವ ಸಂದರ್ಭದಲ್ಲೂ ಕಾರಣ ಕೇಳುವ ಹಾಗಿಲ್ಲ.'

ಆ ಸಾಲು ಬರೆದ ದಿನ, ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯವರು ಅವಳ ಬೆನ್ನು ತಟ್ಟಿದ್ದರು. ತಾನೇ ತೋಡಿದ ಹಳ್ಳಕ್ಕೆ ಬಿದ್ದವಳ ಬೆನ್ನನ್ನು ಈಗ ಯಾರು ತಟ್ಟಬೇಕು?

ಅವಳು ಇದ್ದುದು ಚಿಕ್ಕಮ್ಮನ ಮನೆಯಲ್ಲಿ. ಮನೆ ಎಂದರೆ ಮುಂದೆ ಟೈಲರಿಂಗ್ ಅಂಗಡಿ, ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಕ್ಕ ಹೋದಮೇಲೆ ಅಕ್ಕನ ಮಗಳನ್ನು ತಂದು ಸಾಕಿದವಳು ಚಿಕ್ಕಮ್ಮ. ಕಾಲೇಜಿನ ಯೂನಿಫಾರ್ಮುಗಳನ್ನು ಹೊಲಿದು ಹೊಲಿದೇ ಅವಳನ್ನು ಅದೇ ಕಾಲೇಜಿನಲ್ಲಿ ಓದಿಸಿದವಳು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಅರ್ಧ ಈಗ ಪ್ರಬಂಧಕ್ಕೆ ಸೇರಿತ್ತು. ಎರಡನೇ ಅಧ್ಯಾಯದ ಮೇಲೆ ಯಾರದೋ ತೋಳಿನ ಅಳತೆ ಸೀಮೆಸುಣ್ಣದಲ್ಲಿ ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಹದಿನಾಲ್ಕನೇ ಸಾಲನ್ನು ಅಳಿಸುತ್ತಿದ್ದಳು. ಹಿಂದೆ ಸರಿದವರ ಮಾಹಿತಿ ಒಂದು ಚೂರೂ ಉಳಿಯಬಾರದು. ಇನ್ನೂರ ಹನ್ನೆರಡು ಟಿಕ್ಕುಗಳು. ಒಂದೇ ಸಲ ಅಳಿಸಬಹುದಿತ್ತು. ಅವಳು ಒಂದೊಂದಾಗಿ ಅಳಿಸುತ್ತಿದ್ದಳು. ಇದು ಹೊಟ್ಟೆ ಗುರ್ ಎಂದ ದಿನದ್ದು, ಇದು ಅವನು ನಲ್ಲಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ ದಿನದ್ದು. ಆ ದಿನ ಹುಟ್ಟುಹಬ್ಬ ಅವಳದಾಗಿತ್ತು.

"ಯಾಕೆ ಮುಖ ಸೋರೆಕಾಯಿ ಆಗಿದೆ?" ಎಂದಳು ಚಿಕ್ಕಮ್ಮ, ಸೂಜಿಗೆ ದಾರ ಪೋಣಿಸುತ್ತ.

"ಇಪ್ಪತ್ತು ಜನ ಇರಲೇಬೇಕು ಚಿಕ್ಕಮ್ಮ. ನನ್ನ ಹತ್ರ ಸರಿಯಾಗಿ ಇಪ್ಪತ್ತೇ ಇದ್ರು. ಒಬ್ರು ಬಿಟ್ರು. ಇನ್ನೊಬ್ರು ಸಿಗದಿದ್ರೆ ಆನರ್ಸ್ ಇಲ್ಲ."

"ಬಿಟ್ಟವನು ಯಾರು? ನಿನ್ನ ಹಿಂದೆ ಕೈ ತೊಳೆದುಕೊಂಡು ಬಿದ್ದಿದ್ನಲ್ಲ, ಅವನಾ?"

ಅವಳು ದಂಗಾದಳು. "ನಾನು ಯಾವತ್ತು ಹೇಳಿದೆ?"

"ಹೇಳಬೇಕಾ? ಒಂದು ತಿಂಗಳಿಂದ ಸ್ಟೂಲ್ ಮೇಲೆ ಕೂರೋ ಕೆಲಸಕ್ಕೆ ಇಸ್ತ್ರಿ ಮಾಡಿಸ್ಕೊಂಡು ಹೋಗ್ತಿದೀಯ." ಚಿಕ್ಕಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. "ಹೋಗಿ ಕೇಳು, ಯಾಕಪ್ಪಾ ಬಿಟ್ಟೆ ಅಂತ. ಬಾಯಿದ್ದವನು ಬರಗಾಲದಲ್ಲೂ ಬದುಕಿದ."

"ಕೇಳೋ ಹಾಗಿಲ್ಲ. ನಿಯಮ."

"ಯಾರು ಮಾಡಿದ್ದು ಆ ನಿಯಮ?"

"ನಾನೇ," ಎಂದಳು ಅವಳು, ಮತ್ತು ಅತ್ತುಬಿಟ್ಟಳು. "ನಾಲ್ಕು ಜನರ ಮುಂದೆ ಅವ್ರ ಮರ್ಯಾದೆ ತೆಗೆದೆ ಚಿಕ್ಕಮ್ಮ. ಅದಕ್ಕೇ ಬಿಟ್ರು. ಇನ್ನು ಮುಖಾನೂ ನೋಡಲ್ಲ."

ಚಿಕ್ಕಮ್ಮ ಕೈಯಲ್ಲಿದ್ದ ಕಾಲರನ್ನು ಪಕ್ಕಕ್ಕಿಟ್ಟು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಬುದ್ಧಿ ಹೇಳಲಿಲ್ಲ. ಮಾಡಿದ ನಿಯಮ ಮುರಿ ಎಂದೂ ಹೇಳಲಿಲ್ಲ. ಅಳತೆ ತಪ್ಪಿದ ಬಟ್ಟೆಯನ್ನು ಗಿರಾಕಿ ನೋಡದಿದ್ದರೂ ಬಿಚ್ಚಿ ಹೊಲಿಯುವವಳು ಅವಳು.

ವಾರ್ಡಿನಲ್ಲಿ ಅವನು ಈಗ ವಾಶ್‌ಬೇಸಿನ್ ಕಡೆ ಬರುತ್ತಿರಲಿಲ್ಲ. ಕಾರಿಡಾರಿನ ಆಚೆ ತುದಿಯಲ್ಲಿ ಇನ್ನೊಂದು ನಲ್ಲಿಯಿತ್ತು, ಅಲ್ಲಿಗೆ ಹೋಗುತ್ತಿದ್ದ. ಎದುರಾದರೆ ತಲೆಯಾಡಿಸಿ ದಾರಿ ಬಿಡುತ್ತಿದ್ದ. ಕೈಗೆ ಸದಾ ಗ್ಲೌಸು. ಅವಳ ನಾಲಗೆಯ ತುದಿಗೆ 'ಯಾಕೆ' ಎಂಬ ಎರಡಕ್ಷರ ದಿನಕ್ಕೆ ಹತ್ತು ಸಲ ಬಂದು ಹಿಂದಕ್ಕೆ ಹೋಗುತ್ತಿತ್ತು.

ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿದ್ದಾಗ ವಾರ್ಡಿನ ಆಯಮ್ಮ ಅವಳ ಸ್ಟೂಲಿನ ಬಳಿ ಬಂದು ನಿಂತಳು. ನೆಲ ಒರೆಸಿ, ಬೆಡ್‌ಪ್ಯಾನ್ ಎತ್ತಿ, ರೋಗಿಗಳಿಗೆ ಮೈ ಒರೆಸಿ ಆ ವಾರ್ಡನ್ನು ಹದಿನೆಂಟು ವರ್ಷ ಹೊತ್ತ ಹೆಂಗಸು. ಮೊದಲು ಕೇಳಿದಾಗ, ನನಗೆ ಇದೆಲ್ಲ ಬೇಡ ಎಂದು ಮುಖ ತಿರುಗಿಸಿದ್ದಳು.

"ನಿಮಗೆ ಒಬ್ರು ಕಮ್ಮಿ ಬಿದ್ದಿದಾರಂತೆ. ನನ್ನ ಬರ್ಕೊಳ್ಳಿ."

"ಯಾರು ಹೇಳಿದ್ರು?"

"ನಡಿಗೆ ಮೇಷ್ಟ್ರು."

ಅವಳ ಪೆನ್ನು ಕೆಳಗೆ ಬಿತ್ತು. ಹೆಕ್ಕಿಕೊಂಡು, ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೇಳಿದಳು, "ಆಯಮ್ಮ, ಅವ್ರು ಹೇಳಿದ್ರು ಅಂತ ಸೈನ್ ಹಾಕಬೇಡಿ. ನಿಮಗೆ ಇಷ್ಟ ಇದ್ರೆ ಮಾತ್ರ."

"ಯಾರದೋ ಮಾತು ಕೇಳಿ ನಾನು ಮದುವೆಗೇ ಒಪ್ಪಲಿಲ್ಲ, ಇದಕ್ಕೆ ಒಪ್ತೀನಾ?" ಆಯಮ್ಮ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಆವತ್ತು ಬೇಡ ಅಂದಿದ್ದು ನಾಚಿಕೆಗೆ. ನನ್ನ ಕೈ ನೋಡಿ."

ಬಿರುಕು. ಬೆರಳ ಗೆಣ್ಣುಗಳಲ್ಲಿ, ಸಂದಿಯಲ್ಲಿ, ಅಂಗೈಯ ಅಂಚಿನಲ್ಲಿ. ಕೆಲವು ಕಡೆ ರಕ್ತ ಒಸರಿ ಒಣಗಿತ್ತು.

"ಆ ಸೋಪು ಹಾಕಿದ್ರೆ ಬೆಂಕಿ ಇಟ್ಟ ಹಾಗೆ ಉರಿಯತ್ತೆ. ಅದಕ್ಕೇ ಕೆಲವು ಸಲ ತೊಳೆಯಲ್ಲ. ಸೋಮಾರಿ ಅಂತ ಬರೀತೀರೇನೋ ಅಂದ್ಕೊಂಡಿದ್ದೆ. ಮೇಷ್ಟ್ರು ಅಂದ್ರು, ಟಿಕ್ ಸಿಸ್ಟರ್ ಹಾಗೆ ಬರೆಯೋರಲ್ಲ, ನೀವು ಹೇಳಿದ್ದನ್ನೇ ಬರೀತಾರೆ ಅಂತ. ಅವರ ಕೈಯೂ ಹಿಂಗೇ ಆಗಿದೆ, ಪಾಪ. ಒಂದು ತಿಂಗಳು ತೊಳೆದಿದ್ದೇ ತೊಳೆದಿದ್ದು! ಮುಲಾಮು ಹಚ್ಚಿ ಗ್ಲೌಸ್ ಹಾಕ್ಕೊಂಡು ಓಡಾಡ್ತಾರೆ. ನೀವು ನೋಡಿಲ್ವಾ?"

ನೋಡಿರಲಿಲ್ಲ. ಕೈಯನ್ನೇ ನೋಡಲು ಕೂತವಳು ಕೈಯೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ್ದಳು. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಸ್ಟೂಲಿನಿಂದ ಎದ್ದು ಆಯಮ್ಮನ ಎರಡೂ ಕೈಯನ್ನು ಹಿಡಿದುಕೊಂಡು, "ಥ್ಯಾಂಕ್ಸ್ ಆಯಮ್ಮ," ಎಂದಳು.

ಅಲ್ಲಿಂದ ಪ್ರಬಂಧದ ದಿಕ್ಕೇ ಬದಲಾಯಿತು. ಯಾಕೆ ತೊಳೆಯಲಿಲ್ಲ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಎಲ್ಲರೂ 'ಸಮಯ ಇಲ್ಲ' ಎಂದು ಬರೆದುಕೊಟ್ಟಿದ್ದರು. ಗೈಡ್ ಮೇಡಂ ಸಮಿತಿಯಿಂದ ಒಪ್ಪಿಗೆ ಕೊಡಿಸಿದ ಮೇಲೆ ಅವಳು ಮತ್ತೊಂದು ಪ್ರಶ್ನೆ ಸೇರಿಸಿದಳು: ಉರಿಯುತ್ತದೆಯೇ? ಒಬ್ಬೊಬ್ಬರಾಗಿ ಕೈ ಚಾಚಿದರು. ಇಪ್ಪತ್ತರಲ್ಲಿ ಹನ್ನೊಂದು ಜನರ ಕೈ ಬಿರಿದಿತ್ತು. ಹೆಚ್ಚು ತೊಳೆದವರ ಕೈಯೇ ಹೆಚ್ಚು ಬಿರಿದು, ಕೊನೆಗೆ ಅವರೇ ತೊಳೆಯುವುದನ್ನು ಕಡಿಮೆ ಮಾಡುತ್ತಿದ್ದರು. ನಲ್ಲಿಯ ಪಕ್ಕ ಒಂದು ಡಬ್ಬಿ ಕ್ರೀಮು ಇಟ್ಟರೆ ಸಾಕು ಎಂಬುದು ಐದನೇ ಅಧ್ಯಾಯದ ಕೊನೆಯ ಮಾತಾಯಿತು. ಮೇಡಂ ಅದನ್ನು ಎರಡು ಸಲ ಓದಿ, "ಇಂಥದ್ದನ್ನ ಇಪ್ಪತ್ತೈದು ವರ್ಷ ನನ್ನ ಕೈಯೇ ಹೇಳ್ತಿತ್ತು, ನಾನು ಕೇಳಿಸ್ಕೊಳ್ಳಲಿಲ್ಲ," ಎಂದರು.

ದೋಷಗಳನ್ನು ಒಪ್ಪಿಕೊಳ್ಳುವ ಪುಟವೊಂದು ಪ್ರತಿ ಪ್ರಬಂಧದಲ್ಲೂ ಇರುತ್ತದೆ. ಅಲ್ಲಿ ಅವಳು ಏನನ್ನೂ ಮುಚ್ಚಿಡದೆ ಬರೆದಳು: 'ನಾನು ಎದುರಿಗಿದ್ದುದರಿಂದ ಕೆಲವರ ನಡವಳಿಕೆ ಬದಲಾಗಿರಬಹುದು. ನನ್ನ ಗಮನವೂ ಎಲ್ಲರ ಮೇಲೆ ಒಂದೇ ಸಮ ಇರಲಿಲ್ಲ.' ಎರಡನೆಯ ವಾಕ್ಯವನ್ನು ಯಾರೂ ಬರೆಯಲು ಹೇಳಿರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಪುಟ ತಿರುವುತ್ತ ಕೇಳಿದರು, "ಒಬ್ರು ಹಿಂದೆ ಸರಿದಿದಾರೆ. ಯಾಕೆ?"

"ಕೇಳಿಲ್ಲ ಮೇಡಂ. ಕೇಳೋ ಹಾಗಿಲ್ಲ."

"ಕೇಳಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತು," ಎಂದಳು ಅವಳು.

ಪರೀಕ್ಷಕಿ ತಲೆಯೆತ್ತಿ ಅವಳನ್ನು ನೋಡಿದರು, ಆಮೇಲೆ ಗೈಡ್ ಮೇಡಂ ಮುಖ ನೋಡಿದರು. ಗೈಡ್ ಮೇಡಂ ಕಿಟಕಿಯ ಕಡೆ ತಿರುಗಿದ್ದರು. ಪರೀಕ್ಷಕಿ ಪುಸ್ತಕ ಮುಚ್ಚಿದರು. "ನಲವತ್ತು ಪ್ರಬಂಧ ಓದಿದೀನಿ ಈ ವರ್ಷ. ತನ್ನ ನಿಯಮಕ್ಕೆ ತಾನೇ ಹೀಗೆ ತಲೆಬಾಗಿದವರನ್ನ ನೋಡಿರಲಿಲ್ಲ. ಆನರ್ಸ್ ನಿನ್ನದು ಮಗಳೇ. ಸ್ಟಡಿ ಇವತ್ತಿಗೆ ಮುಗೀತು."

ಕೊನೆಯ ವಾಕ್ಯ ಅವಳ ಕಿವಿಯಲ್ಲಿ ನಿಂತಿತು. ಮೊದಲು ಚಿಕ್ಕಮ್ಮನಿಗೆ ಫೋನು ಮಾಡಿದಳು. ಆಚೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು, ಮೂಗು ಏರಿಸಿದ ಸದ್ದು ಬಂತು. "ನಿನ್ನಿಂದ ಚಿಕ್ಕಮ್ಮ," ಎಂದಳು ಅವಳು.

"ನನ್ನಿಂದ ಯೂನಿಫಾರ್ಮ್ ಮಾತ್ರ," ಎಂದಳು ಚಿಕ್ಕಮ್ಮ. "ಈಗ ಹೋಗು. ಕೇಳೋದಿತ್ತಲ್ಲ, ಕೇಳು."

ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದ ಮೇಲೆ ಕಿಟಕಿಗಳ ಆಕಾರದಲ್ಲಿ ಬಿದ್ದಿತ್ತು. ವಾಶ್‌ಬೇಸಿನ್ನಿನ ಪಕ್ಕ, ಗೋಡೆಗೆ ಹೊಸದಾಗಿ ಬಡಿದ ಹಲಗೆಯ ಮೇಲೆ, ಕ್ರೀಮಿನ ಡಬ್ಬಿ ಆಗಲೇ ಬಂದು ಕೂತಿತ್ತು. ಪ್ರಬಂಧ ಓದಿದ ವಾರ್ಡಿನ ಮುಖ್ಯ ಸಿಸ್ಟರ್ ಯಾರ ಅಪ್ಪಣೆಗೂ ಕಾದಿರಲಿಲ್ಲ. ಕಾರಿಡಾರಿನಲ್ಲಿ ಅವನು ಏಳನೇ ಬೆಡ್ಡಿಗೆ ಹೊಸದಾಗಿ ಬಂದಿದ್ದ ತಾತನನ್ನು ವಾಕರ್ ಹಿಡಿಸಿ ನಡೆಸುತ್ತಿದ್ದ, ಅದೇ ಚಿಕ್ಕ ಹೆಜ್ಜೆ.

ಅವಳ ಕೈಯಲ್ಲಿ ಕ್ಲಿಪ್ಪಿನ ಹಾಳೆ ಇರಲಿಲ್ಲ. ನಲ್ಲಿಯ ಮುಂದೆ ನಿಂತು, ಕಾರಿಡಾರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು:

"ನೋಡಮ್ಮ ನಲ್ಲಿ, ಸ್ಟಡಿ ಇವತ್ತು ಮುಗೀತು. ಇನ್ನು ಯಾರನ್ನ ಬೇಕಾದ್ರೂ ಏನು ಬೇಕಾದ್ರೂ ಕೇಳಬಹುದು."

ಅವನು ನಿಂತ. ವಾಕರೂ ನಿಂತಿತು.

"ಕೇಳಲಿ ಬಿಡಮ್ಮ," ಎಂದ ಅವನು ನಲ್ಲಿಗೆ, ಅವಳತ್ತ ನೋಡದೆ.

"ಯಾಕೆ ಬಿಟ್ರಿ?"

ಅಷ್ಟು ದಿನ ನಾಲಗೆ ತುದಿಯಲ್ಲಿದ್ದ ಮಾತು ಕೊನೆಗೂ ಹೊರಬಿತ್ತು. ಅವನು ನೆಲ ನೋಡುತ್ತ ನಿಧಾನವಾಗಿ ಹೇಳಿದ, "ನೀವು ಅಲ್ಲಿ ಕೂತಿದ್ರೆ ನಾನು ನೂರಕ್ಕೆ ನೂರು. ನೀವಿಲ್ದಿದ್ರೆ ಎಷ್ಟೋ ಸಲ ಮರೆಯೋ ಮನುಷ್ಯ. ಆವತ್ತು ಮೀಟಿಂಗ್‌ನಲ್ಲಿ ಹೇಳಿದ್ರಲ್ಲ, ಸ್ಟಡಿ ಹಾಳಾಗತ್ತೆ ಅಂತ. ನೀವು ಅಷ್ಟು ಕಷ್ಟಪಟ್ಟು ಬರೆಯೋದ್ರಲ್ಲಿ ಸುಳ್ಳು ಅಂತ ಒಂದಿದ್ರೆ ಅದು ನಂದೇ ಆಗಿರತ್ತಲ್ಲ ಅನ್ನಿಸ್ತು. ಅದಕ್ಕೆ ತೆಗೆದುಬಿಟ್ಟೆ."

"ಕೋಪ ಇಲ್ವಾ?"

"ಕೋಪನಾ? ಇನ್ನೂರ ಹನ್ನೆರಡು ಸಲ ಕೈ ತೊಳೆದೋನಿಗೆ ಕೋಪ ಎಲ್ಲಿಂದ ಬರತ್ತೆ?"

"ಎಣಿಸಿದ್ರಾ?" ಎಂದು ಅವಳು ಉಸಿರು ಬಿಟ್ಟಳು.

"ಪೂರ್ತಿ ಎಣಿಸಿದೆ. ನಿಮ್ಮ ಹತ್ರ ಟಿಕ್ಕು ಅಳಿಸಿ ಹೋಗತ್ತೆ, ನನ್ನ ಹತ್ರನಾದ್ರೂ ಇರಲಿ ಅಂತ."

"ಏನ್ರಪ್ಪಾ," ಎಂದರು ವಾಕರ್ ಹಿಡಿದು ನಿಂತಿದ್ದ ತಾತ. "ನನ್ನ ಸೊಂಟಕ್ಕೆ ಕಬ್ಬಿಣ ಹಾಕಿದಾರೆ, ಕಲ್ಲು ಹಾಕಿಲ್ಲ. ಮೊದಲು ನನ್ನ ಕೂರಿಸಿ, ಆಮೇಲೆ ಎಣಿಸ್ಕೊಳ್ಳಿ."

ಇಬ್ಬರೂ ಓಡಿ ತಾತನನ್ನು ಎರಡು ಕಡೆಯಿಂದ ಹಿಡಿದು ಹಾಸಿಗೆಗೆ ಸೇರಿಸಿದರು. ಆಮೇಲೆ ಇಬ್ಬರೂ ವಾಶ್‌ಬೇಸಿನ್ನಿಗೆ ಬಂದರು. ರೋಗಿಯನ್ನು ಮುಟ್ಟಿದ ಮೇಲೆ ತೊಳೆಯಲೇಬೇಕು. ಒಂದೇ ನಲ್ಲಿ, ನಾಲ್ಕು ಕೈ. ಅವನು ಗ್ಲೌಸು ತೆಗೆದಾಗ ಅವಳು ಮೊದಲ ಸಲ ಆ ಕೈಗಳನ್ನು ಸರಿಯಾಗಿ ನೋಡಿದಳು. ಬಿರುಕುಗಳು ಮಾಯುತ್ತ ಬಂದಿದ್ದವು, ಗೆಣ್ಣುಗಳ ಮೇಲೆ ಮಾತ್ರ ಇನ್ನೂ ಕೆಂಪಿತ್ತು.

"ಈಗ ನಾನಿಲ್ದಾಗ ಎಷ್ಟು?" ಎಂದಳು.

"ಈಗ ಅಭ್ಯಾಸ ಆಗಿಹೋಗಿದೆ. ಬೇಕಿದ್ರೆ ನಿಮ್ಮ ಫ್ರೆಂಡ್‌ನ ಕೂರಿಸಿ ನೋಡಿ."

"ಬೇಡ. ನಂಬ್ತೀನಿ."

ಅವಳು ಡಬ್ಬಿಯಿಂದ ಕ್ರೀಮು ತೆಗೆದು ಅವನ ಬೆರಳುಗಳಿಗೆ ಹಚ್ಚತೊಡಗಿದಳು. ಒಂದೊಂದೇ ಗೆಣ್ಣು, ಒಂದೊಂದೇ ಸಂದಿ. ಅವನು ಇನ್ನೊಂದು ಕೈಯಿಂದ, ತೆರೆದೇ ಇದ್ದ ನಲ್ಲಿಯನ್ನು ನಿಲ್ಲಿಸಿದ.

ಚೀಲದಿಂದ ಹೊಸದಾಗಿ ಬೈಂಡ್ ಮಾಡಿಸಿದ ಪ್ರಬಂಧ ತೆಗೆದು ಅವಳು ಮೊದಲ ಪುಟ ತೆರೆದು ಹಿಡಿದಳು. ಕೃತಜ್ಞತೆಯ ಪುಟ. ಗೈಡ್ ಮೇಡಂ ಇದ್ದರು, ಆಯಮ್ಮ ಇದ್ದಳು, ಬಟ್ಟೆಯ ಜೊತೆ ಮೇಜು ಹಂಚಿಕೊಟ್ಟ ಚಿಕ್ಕಮ್ಮ ಇದ್ದಳು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: 'ಬಿಟ್ಟು ಹೋಗಿಯೂ ನನ್ನನ್ನು ಕೈಬಿಡದ ಒಬ್ಬರಿಗೆ. ಕಾರಣ ಗೊತ್ತಿಲ್ಲ, ಋಣ ಗೊತ್ತಿದೆ.'

ಅವನು ಓದಿದ. ಮತ್ತೊಮ್ಮೆ ಓದಿದ. ಕಣ್ಣು ಒರೆಸಿಕೊಳ್ಳೋಣವೆಂದರೆ ಕೈ ತುಂಬ ಕ್ರೀಮು.

"ಟಿಕ್ ಸಿಸ್ಟರ್," ಎಂದ ಕೊನೆಗೆ. "ಒಂದು ಒಪ್ಪಿಗೆ ಪತ್ರ ಇದ್ರೆ ಕೊಡಿ. ಈ ಸಲ ಹಿಂದೆ ಸರಿಯೋ ಕಾಗದ ಜೊತೆಗೆ ಕೊಡಬೇಡಿ."

"ಹಾಳೆ ತಂದಿಲ್ಲ."

"ಪೆನ್ ಇದೆಯಲ್ಲ," ಎಂದು ಅವನು ಅಂಗೈ ಚಾಚಿದ.

ಅವಳು ಯೂನಿಫಾರ್ಮಿನ ಜೇಬಿನಿಂದ ಪೆನ್ನು ತೆಗೆದಳು. ಜಾರುತ್ತಿದ್ದ ಆ ಅಂಗೈಯನ್ನು ತನ್ನ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಮಣಿಕಟ್ಟಿನ ಹತ್ತಿರ, ಬಿರುಕಿಲ್ಲದ ಜಾಗದಲ್ಲಿ ಒಂದು ಟಿಕ್ಕು ಹಾಕಿದಳು.

"ಮುಂದಿನ ಸಲ ಕೈ ತೊಳೆದಾಗ ಹೋಗತ್ತೆ," ಎಂದ ಅವನು.

"ಹೋಗ್ಲಿ," ಎಂದಳು ಅವಳು, ಕೈ ಬಿಡದೆ. "ಮತ್ತೆ ಹಾಕ್ತೀನಿ."